ಗಾಳಿ ನೋಡುತ್ತಿದ್ದ ಬ್ಯಾಂಕು ಹೊಗೆಯ ಲೆಕ್ಕ ಕೊಟ್ಟಾಗ

ಲಂಡನ್ನಿನ ಥ್ರೆಡ್‌ನೀಡಲ್ ಬೀದಿಯಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್‌ನ ಕಟ್ಟಡವಿದೆ. ಅದರೊಳಗೆ ಬ್ಯಾಂಕಿನ ನಿರ್ದೇಶಕರು ಸಭೆ ಸೇರುವ ಕೋಣೆಯೊಂದಿದ್ದು, ಅದನ್ನು ಕೋರ್ಟ್ ರೂಮ್ ಎಂದು ಕರೆಯುತ್ತಾರೆ. ಆ ಕೋಣೆಯ ಗೋಡೆಯ ಮೇಲೆ ದೊಡ್ಡ ಗಡಿಯಾರವನ್ನು ಹೋಲುವ ಫಲಕವೊಂದುಂಟು. ಅದರ ಮುಳ್ಳು ತೋರಿಸುವುದು ಗಂಟೆಯನ್ನಲ್ಲ, ಗಾಳಿಯ ದಿಕ್ಕನ್ನು. ಛಾವಣಿಯ ಮೇಲೆ ಗಾಳಿಗೆ ತಿರುಗುವ ಸೂಚಿಗೆ ಈ ಮುಳ್ಳನ್ನು ಜೋಡಿಸಲಾಗಿದೆ. ಫಲಕ 1805ರ ಕಾಲದ್ದು.

ಹಣ ಎಣಿಸುವವರಿಗೆ ಗಾಳಿಯ ಗೊಡವೆ ಏಕೆ? ಅದು ಹಾಯಿ ಹಡಗುಗಳ ಕಾಲ. ಪೂರ್ವದಿಂದ ಗಾಳಿ ಬೀಸಿದರೆ ಸರಕು ಹೊತ್ತ ಹಡಗುಗಳು ಥೇಮ್ಸ್ ನದಿಯ ಮೇಲೇರಿ ಲಂಡನ್ ಬಂದರಿಗೆ ಬರುತ್ತಿದ್ದವು. ಸರಕು ಇಳಿದರೆ ಕೊಳ್ಳುವ ವರ್ತಕರಿಗೆ ಹಣ ಬೇಕು. ಆಗ ಬ್ಯಾಂಕು ಹೆಚ್ಚು ಹಣವನ್ನು ಹೊರಬಿಡುತ್ತಿತ್ತು. ಗಾಳಿ ಪಶ್ಚಿಮಕ್ಕೆ ತಿರುಗಿದರೆ ಹಡಗುಗಳು ಬರುವಂತಿಲ್ಲ, ಹೆಚ್ಚಾದ ಹಣವನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಗಾಳಿ ಬಂದಾಗ ತೂರಿಕೋ ಎನ್ನುವ ನಮ್ಮ ಕಣದ ಮಾತನ್ನು ಲಂಡನ್ನಿನ ಈ ಸಾಹುಕಾರರು ಅಕ್ಷರಶಃ ಪಾಲಿಸುತ್ತಿದ್ದರು ಎನ್ನಬಹುದು.

ಎರಡು ಶತಮಾನಗಳ ನಂತರ ಅದೇ ಬ್ಯಾಂಕು ಮತ್ತೆ ಗಾಳಿಯ ಕಡೆ ನೋಡಬೇಕಾಯಿತು, ಈ ಬಾರಿ ಬೇರೆ ಕಾರಣಕ್ಕೆ. 2020ರ ಜೂನ್ 18ರಂದು ಅದು ಒಂದು ವರದಿ ಪ್ರಕಟಿಸಿತು. ತನ್ನ ಕಟ್ಟಡಗಳಿಂದ, ತನ್ನ ಅಧಿಕಾರಿಗಳ ಓಡಾಟದಿಂದ, ತಾನು ಹಣ ಹೂಡಿದ ಕಂಪನಿಗಳಿಂದ ಗಾಳಿಗೆ ಸೇರುತ್ತಿರುವ ಇಂಗಾಲದ ಲೆಕ್ಕ ಅದರಲ್ಲಿತ್ತು. ದೇಶದ ಹಣವನ್ನೇ ನಿಯಂತ್ರಿಸುವ ಬ್ಯಾಂಕು ಹೊಗೆಯ ಲೆಕ್ಕ ಕೊಡುವ ಸ್ಥಿತಿಗೆ ಬಂದದ್ದು ಹೇಗೆ? ಕೊಟ್ಟ ಲೆಕ್ಕ ಏನು ಹೇಳಿತು? ಆಮೇಲೆ ಏನಾಯಿತು? ಈ ಮೂರು ಪ್ರಶ್ನೆಗಳ ಕಥೆ ಸ್ವಾರಸ್ಯಕರವಾಗಿದೆ.

ಯುದ್ಧದ ಸಾಲಕ್ಕೆ ಹುಟ್ಟಿದ ಸಂಸ್ಥೆ

ಬ್ಯಾಂಕ್ ಆಫ್ ಇಂಗ್ಲೆಂಡ್ ಹುಟ್ಟಿದ್ದು 1694ರಲ್ಲಿ. ಫ್ರಾನ್ಸಿನ ಮೇಲೆ ಯುದ್ಧ ಹೂಡಿದ್ದ ಮೂರನೆಯ ವಿಲಿಯಂ ದೊರೆಗೆ ಹಣದ ಅಡಚಣೆ ಇತ್ತು. ಲಂಡನ್ನಿನ ಹಣವಂತರು ಷೇರು ಕೂಡಿಸಿ 12 ಲಕ್ಷ ಪೌಂಡ್ ಸಾಲ ಕೊಟ್ಟರು. ಅದಕ್ಕೆ ಪ್ರತಿಯಾಗಿ ಬ್ಯಾಂಕು ನಡೆಸುವ ಸನ್ನದು ಪಡೆದರು. ಎರಡೂವರೆ ಶತಮಾನ ಖಾಸಗಿಯಾಗಿಯೇ ಇದ್ದ ಈ ಬ್ಯಾಂಕು ಸರ್ಕಾರದ ಸ್ವತ್ತಾದುದು 1946ರಲ್ಲಿ. ಬಡ್ಡಿದರವನ್ನು ತಾನೇ ನಿರ್ಧರಿಸುವ ಸ್ವಾತಂತ್ರ್ಯ ಅದಕ್ಕೆ ದೊರೆತದ್ದು 1997ರಲ್ಲಿ. ಈಗಿನ ಕಟ್ಟಡವನ್ನು ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಮರುನಿರ್ಮಿಸಿದ ಹರ್ಬರ್ಟ್ ಬೇಕರ್ ನಮಗೂ ಅಪರಿಚಿತರಲ್ಲ. ದೆಹಲಿಯ ಸೆಕ್ರೆಟೇರಿಯಟ್ ಕಟ್ಟಡಗಳ ವಾಸ್ತುಶಿಲ್ಪಿ ಅವರೇ.

ಕೇಂದ್ರ ಬ್ಯಾಂಕು ಎಂದರೆ ಬ್ಯಾಂಕುಗಳಿಗೆ ಬ್ಯಾಂಕು. ನಮ್ಮ ರಿಸರ್ವ್ ಬ್ಯಾಂಕಿನಂತೆ ಅದು ನೋಟುಗಳನ್ನು ಹೊರಡಿಸುತ್ತದೆ, ಬೆಲೆಗಳು ಏರದಂತೆ ಬಡ್ಡಿದರವನ್ನು ಹಿಡಿದಿಡುತ್ತದೆ, ಬೇರೆ ಬ್ಯಾಂಕುಗಳು ಮುಳುಗದಂತೆ ಕಾಯುತ್ತದೆ. ನಮ್ಮ ನಿಮ್ಮಂಥವರು ಅಲ್ಲಿ ಖಾತೆ ತೆರೆಯುವಂತಿಲ್ಲ. ಹೀಗಾಗಿ ಹವಾಮಾನಕ್ಕೂ ಅದಕ್ಕೂ ಏನು ಸಂಬಂಧ ಎಂದು ಬಹುಕಾಲ ಯಾರೂ ಕೇಳಿರಲಿಲ್ಲ.

ಆದರೆ ಈ ಬ್ಯಾಂಕು ಬೆಳೆದ ಊರಿಗೆ ಹೊಗೆಯ ಪರಿಚಯ ಚೆನ್ನಾಗಿಯೇ ಇತ್ತು. ಕಲ್ಲಿದ್ದಲು ಸುಟ್ಟು ಉಗಿಯಂತ್ರ ಓಡಿಸಿ ಸಿರಿವಂತಿಕೆ ಕಂಡ ದೇಶವದು. 1952ರ ಡಿಸೆಂಬರಿನಲ್ಲಿ ಹೊಗೆ ಬೆರೆತ ಮಂಜು ಐದು ದಿನ ಲಂಡನ್ನಿನ ಮೇಲೆ ಕವಿದು ಕೂತಾಗ ಸುಮಾರು 4,000 ಜನ ಸತ್ತರೆಂದು ಆಗಿನ ಅಂದಾಜು. ಸತ್ತವರ ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚು ಎಂದು ನಂತರದ ಅಧ್ಯಯನಗಳು ಹೇಳಿವೆ. 1956ರಲ್ಲಿ ಶುದ್ಧ ಗಾಳಿಗಾಗಿ ಕಾನೂನು ಬಂತು. ಅದು ಕಣ್ಣಿಗೆ ಕಾಣುವ ಹೊಗೆ, ಅದರ ವಿರುದ್ಧ ಕಾನೂನು ಮಾಡುವುದು ಅಷ್ಟು ಕಷ್ಟವಾಗಲಿಲ್ಲ. ಇಂಗಾಲದ ಡೈ ಆಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಇಂದು ಹೊರಬಿದ್ದದ್ದು ಗಾಳಿಯಲ್ಲಿ ಶತಮಾನಗಟ್ಟಲೆ ಉಳಿದು ಭೂಮಿಯ ಬಿಸಿ ಏರಿಸುತ್ತದೆ. ಅದನ್ನು ಹಿಡಿಯಬೇಕಾದರೆ ಮೊದಲು ಲೆಕ್ಕ ಇಡಬೇಕು.

ದಿಗಂತದ ದುರಂತ

ಆ ಲೆಕ್ಕದ ಮಾತನ್ನು ಹಣದ ಲೋಕದೊಳಕ್ಕೆ ತಂದವರಲ್ಲಿ ಮುಖ್ಯರು ಕೆನಡಾ ಮೂಲದ ಮಾರ್ಕ್ ಕಾರ್ನಿ. 2013ರಿಂದ 2020ರವರೆಗೆ ಅವರು ಬ್ಯಾಂಕ್ ಆಫ್ ಇಂಗ್ಲೆಂಡ್‌ನ ಗವರ್ನರ್ ಆಗಿದ್ದರು. 2015ರ ಸೆಪ್ಟೆಂಬರ್ 29ರಂದು ಅವರು ಲಂಡನ್ನಿನ ಲಾಯ್ಡ್ಸ್ ಸಂಸ್ಥೆಯಲ್ಲಿ ಒಂದು ಭಾಷಣ ಮಾಡಿದರು. ಲಾಯ್ಡ್ಸ್ ಎಂದರೆ ವಿಮೆಯ ಸಂತೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿ ಅಂಗಡಿಯಲ್ಲಿ ಹಡಗಿನ ಮಾಲೀಕರು ಕೂತು ಮಾತಾಡುತ್ತಿದ್ದುದರಿಂದ ಬೆಳೆದುಬಂದ ಸಂಸ್ಥೆ ಅದು.

ಬಿರುಗಾಳಿ, ಪ್ರವಾಹಗಳಿಂದ ಮೊದಲು ಕೈ ಸುಟ್ಟುಕೊಳ್ಳುವವರು ವಿಮೆಗಾರರು. ಹವಾಮಾನಕ್ಕೆ ಸಂಬಂಧಿಸಿದ ಅನಾಹುತಗಳು 1980ರ ದಶಕದಿಂದೀಚೆಗೆ ಮೂರು ಪಟ್ಟಾಗಿವೆ, ವಿಮೆಗಾರರ ವಾರ್ಷಿಕ ನಷ್ಟ ಸರಾಸರಿ 1,000 ಕೋಟಿ ಡಾಲರ್‌ನಿಂದ 5,000 ಕೋಟಿ ಡಾಲರ್‌ಗೆ ಏರಿದೆ ಎಂದು ಕಾರ್ನಿ ಅವರ ಮುಂದಿಟ್ಟರು. ನಂತರ ಹೇಳಿದ ಮಾತು ಪ್ರಸಿದ್ಧವಾಯಿತು. ಅವರು ಅದನ್ನು ‘ದಿಗಂತದ ದುರಂತ’ ಎಂದು ಕರೆದರು. ಬಡ್ಡಿದರ ನಿರ್ಧರಿಸುವವರ ದೃಷ್ಟಿ ಎರಡು ಮೂರು ವರ್ಷಗಳಾಚೆ ಹೋಗುವುದಿಲ್ಲ. ಬ್ಯಾಂಕುಗಳ ಭದ್ರತೆ ಕಾಯುವವರದು ಹೆಚ್ಚೆಂದರೆ ಒಂದು ದಶಕ. ಹವಾಮಾನದ ಪೆಟ್ಟು ಬೀಳುವುದು ಅದರಾಚೆ. ಪೆಟ್ಟು ಕಣ್ಣಿಗೆ ಕಾಣುವಷ್ಟರಲ್ಲಿ ಕಾಲ ಮೀರಿರುತ್ತದೆ.

ಅವರು ಮೂರು ಬಗೆಯ ಅಪಾಯಗಳನ್ನು ಹೆಸರಿಸಿದರು. ಮೊದಲನೆಯದು ನೇರ ಅಪಾಯ: ಮನೆ, ಕಾರ್ಖಾನೆ ನೀರಿನಲ್ಲಿ ಮುಳುಗಿದರೆ ಅದರ ಮೇಲೆ ಕೊಟ್ಟ ಸಾಲವೂ ಮುಳುಗುತ್ತದೆ. ಎರಡನೆಯದು ಹೊಣೆಗಾರಿಕೆಯ ಅಪಾಯ: ಹಾನಿಗೊಳಗಾದವರು ಹೊಗೆ ಬಿಟ್ಟವರ ಮೇಲೆ ಮೊಕದ್ದಮೆ ಹೂಡಿದರೆ ವಿಮೆಗಾರರು ಪರಿಹಾರ ತೆರಬೇಕಾಗಬಹುದು. ಮೂರನೆಯದು ಬದಲಾವಣೆಯ ಅಪಾಯ: ಜಗತ್ತು ಕಲ್ಲಿದ್ದಲು, ತೈಲಗಳನ್ನು ಬಿಡಲು ಒಮ್ಮೆಲೇ ನಿರ್ಧರಿಸಿದರೆ ಆ ಕಂಪನಿಗಳ ಷೇರು, ಸಾಲಪತ್ರಗಳು ಬೆಲೆ ಕಳೆದುಕೊಳ್ಳುತ್ತವೆ. ಅವನ್ನು ಇಟ್ಟುಕೊಂಡ ಪಿಂಚಣಿ ನಿಧಿ, ಬ್ಯಾಂಕುಗಳ ಗತಿಯೇನು?

ಅದೇ ವರ್ಷದ ಡಿಸೆಂಬರಿನಲ್ಲಿ ಪ್ಯಾರಿಸ್ ಒಪ್ಪಂದವಾಯಿತು. ಭೂಮಿಯ ಬಿಸಿಯನ್ನು ಕೈಗಾರಿಕಾ ಯುಗಕ್ಕೆ ಮುಂಚಿನ ಮಟ್ಟಕ್ಕಿಂತ 2 ಡಿಗ್ರಿ ಸೆಲ್ಸಿಯಸ್‌ಗಿಂತ ಸಾಕಷ್ಟು ಕೆಳಗೆ ನಿಲ್ಲಿಸಬೇಕು, ಸಾಧ್ಯವಾದರೆ 1.5 ಡಿಗ್ರಿಗೆ ಹಿಡಿಯಬೇಕು ಎಂದು ದೇಶಗಳು ಒಪ್ಪಿಕೊಂಡವು. ಕಂಪನಿಗಳು ಹವಾಮಾನದ ಅಪಾಯವನ್ನು ಲೆಕ್ಕಪತ್ರದಲ್ಲಿ ಹೇಗೆ ತೋರಿಸಬೇಕೆಂದು ಸೂಚಿಸಲು ಅದೇ ತಿಂಗಳು ಮೈಕೆಲ್ ಬ್ಲೂಮ್‌ಬರ್ಗ್ ನೇತೃತ್ವದಲ್ಲಿ ಒಂದು ಕಾರ್ಯಪಡೆ ರಚನೆಯಾಯಿತು. ಅದರ ಶಿಫಾರಸುಗಳು 2017ರಲ್ಲಿ ಬಂದವು. ಆ ವರ್ಷದ ಡಿಸೆಂಬರಿನಲ್ಲಿ ಎಂಟು ಕೇಂದ್ರ ಬ್ಯಾಂಕುಗಳು ಮತ್ತು ನಿಯಂತ್ರಣ ಸಂಸ್ಥೆಗಳು ಪ್ಯಾರಿಸ್ಸಿನಲ್ಲಿ ಸೇರಿ ‘ಹಣಕಾಸು ವ್ಯವಸ್ಥೆಯ ಹಸಿರೀಕರಣ ಜಾಲ’ ಎಂಬ ಕೂಟ ಕಟ್ಟಿಕೊಂಡವು. ಬ್ಯಾಂಕ್ ಆಫ್ ಇಂಗ್ಲೆಂಡ್ ಅವುಗಳಲ್ಲಿ ಒಂದು.

ಆಗ ಒಂದು ಮುಜುಗರ ಎದುರಾಯಿತು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಹುಡುಕಿದರು ಎನ್ನುವಂತಾಗಬಾರದಲ್ಲ. ಎಲ್ಲ ಕಂಪನಿಗಳೂ ಲೆಕ್ಕ ಕೊಡಬೇಕು ಎನ್ನುವ ಬ್ಯಾಂಕು ತನ್ನ ಲೆಕ್ಕ ಕೊಡುವುದು ಬೇಡವೇ? ತಾನೂ ಕೊಡುವುದಾಗಿ 2019ರಲ್ಲಿ ಬ್ಯಾಂಕು ಘೋಷಿಸಿತು.

ನೋಟಿನೊಳಗಿನ ಕೊಬ್ಬು

ಬ್ಯಾಂಕಿನ ಸ್ವಂತ ಹೊಗೆ ಎಂದರೆ ಯಾವುದು? ಕಟ್ಟಡ ಬೆಚ್ಚಗಿಡಲು ಉರಿಸುವ ಅನಿಲ, ದೀಪ ಮತ್ತು ಕಂಪ್ಯೂಟರುಗಳ ವಿದ್ಯುತ್ತು, ಅಧಿಕಾರಿಗಳ ವಿಮಾನ ಪ್ರಯಾಣ, ಜತೆಗೆ ನೋಟುಗಳ ತಯಾರಿಕೆ. ಕಟ್ಟಡ, ವಿದ್ಯುತ್ತು, ಪ್ರಯಾಣಗಳ ಇಂಗಾಲವನ್ನು 2016ರ ಮಟ್ಟಕ್ಕೆ ಹೋಲಿಸಿ 2030ರೊಳಗೆ ಶೇಕಡಾ 63ರಷ್ಟು ಇಳಿಸುವುದಾಗಿ ಬ್ಯಾಂಕು ಮಾತು ಕೊಟ್ಟಿತು.

ನೋಟಿನ ಕಥೆ ಇನ್ನೂ ವಿಚಿತ್ರ. ಹತ್ತಿಯ ಕಾಗದದ ನೋಟು ಬೇಗ ಹರಿಯುತ್ತದೆ. ಪಾಲಿಮರ್ ಎಂಬ ಪ್ಲಾಸ್ಟಿಕ್ಕಿನ ನೋಟು ಅದರ ಎರಡೂವರೆ ಪಟ್ಟು ಬಾಳುತ್ತದೆ ಎಂಬುದು ಬ್ಯಾಂಕಿನ ಅಂದಾಜು. ಹೆಚ್ಚು ಬಾಳಿದರೆ ಕಡಿಮೆ ಮುದ್ರಿಸಿದರೆ ಸಾಕು. 2016ರ ಸೆಪ್ಟೆಂಬರಿನಲ್ಲಿ ಚರ್ಚಿಲ್ ಚಿತ್ರದ 5 ಪೌಂಡಿನ ಪಾಲಿಮರ್ ನೋಟು ಚಲಾವಣೆಗೆ ಬಂತು. ಕಾಗದದ ನೋಟಿಗಿಂತ ಇದರ ಇಂಗಾಲದ ಹೊರೆ ಶೇಕಡಾ 16ರಷ್ಟು ಕಡಿಮೆ ಎಂದು ಕಾರ್ಬನ್ ಟ್ರಸ್ಟ್ ಎಂಬ ಸಂಸ್ಥೆ ಪ್ರಮಾಣಪತ್ರ ನೀಡಿತು. ಪ್ಲಾಸ್ಟಿಕ್ಕೇ ಪರಿಸರಕ್ಕೆ ಒಳ್ಳೆಯದು ಎಂಬ ಲೆಕ್ಕ ಬಂದದ್ದು ಸೋಜಿಗವೇ ಸರಿ.

ಎರಡೇ ತಿಂಗಳಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಆ ಪ್ಲಾಸ್ಟಿಕ್ ತಯಾರಿಸುವಾಗ ಪ್ರಾಣಿಯ ಕೊಬ್ಬಿನಿಂದ ತೆಗೆದ ವಸ್ತು ಲವಲೇಶದಷ್ಟು ಸೇರುತ್ತದೆ! ಬ್ರಿಟನ್ನಿನ ಸಸ್ಯಾಹಾರಿಗಳು ಕೆರಳಿದರು. ಕೆಲವು ಹಿಂದೂ ದೇವಾಲಯಗಳಲ್ಲೂ ಆಕ್ಷೇಪ ಕೇಳಿಬಂತು. ಹುಂಡಿಗೆ ಬೀಳುವ ನೋಟಿನಲ್ಲಿ ಕೊಬ್ಬೇ ಎಂಬ ಪ್ರಶ್ನೆ ನಮ್ಮವರಿಗೆ ಬಿಡಿಸಿ ಹೇಳಬೇಕಾದುದಲ್ಲ. ಬ್ಯಾಂಕು ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಉತ್ತರಿಸಿದವರಲ್ಲಿ ಶೇಕಡಾ 88ರಷ್ಟು ಜನ ಕೊಬ್ಬು ಬೇಡವೆಂದರು. ಅದರ ಬದಲು ತಾಳೆ ಎಣ್ಣೆ ಬಳಸಬಹುದಿತ್ತು. ಆದರೆ ತಾಳೆ ತೋಟಗಳಿಗಾಗಿ ಕಾಡು ಕಡಿಯುವ ಪ್ರಶ್ನೆ ಎದ್ದಿತು, ಖರ್ಚೂ ಹೆಚ್ಚುತ್ತಿತ್ತು. ಕೊನೆಗೆ 2017ರ ಆಗಸ್ಟಿನಲ್ಲಿ ಬ್ಯಾಂಕು ಇದ್ದದ್ದನ್ನೇ ಮುಂದುವರಿಸಲು ತೀರ್ಮಾನಿಸಿತು. ಒಂದು ಸಣ್ಣ ನೋಟನ್ನು ಹಸಿರು ಮಾಡಹೊರಟರೂ ಎಷ್ಟು ಎಳೆಗಳು ತೊಡರಿಕೊಳ್ಳುತ್ತವೆ ಎಂಬುದಕ್ಕೆ ಇದು ಪಾಠದಂತಿದೆ.

ನಮ್ಮ ಮೈಸೂರಿಗೂ ಈ ಕಥೆಗೂ ತುಸು ನಂಟುಂಟು. 10 ರೂಪಾಯಿಯ 100 ಕೋಟಿ ಪ್ಲಾಸ್ಟಿಕ್ ನೋಟುಗಳನ್ನು ಪ್ರಾಯೋಗಿಕವಾಗಿ ಐದು ಊರುಗಳಲ್ಲಿ ಬಿಡಲಾಗುವುದು ಎಂದು 2010ರ ದಶಕದ ಆರಂಭದಲ್ಲಿ ನಮ್ಮ ಸರ್ಕಾರ ಸಂಸತ್ತಿಗೆ ತಿಳಿಸಿತ್ತು. ಕೊಚ್ಚಿ, ಜೈಪುರ, ಶಿಮ್ಲಾ, ಭುವನೇಶ್ವರಗಳ ಜತೆ ಮೈಸೂರನ್ನೂ ಅದಕ್ಕೆ ಆರಿಸಲಾಗಿತ್ತು. ಬೇರೆ ಬೇರೆ ಹವೆಯಲ್ಲಿ ನೋಟು ಹೇಗೆ ಬಾಳುತ್ತದೆ ಎಂದು ನೋಡುವುದು ಉದ್ದೇಶ. ಆದರೆ ಆ ನೋಟು ಜನರ ಕೈಗೆ ಬರಲೇ ಇಲ್ಲ.

ಮೂರೂವರೆ ಡಿಗ್ರಿ

ಕಟ್ಟಡ, ವಿಮಾನ, ನೋಟು ಇವೆಲ್ಲ ಬ್ಯಾಂಕಿನ ಒಲೆಯ ಹೊಗೆ. ಒಲೆಯ ಹೊಗೆಯನ್ನು ಅಳೆಯುವುದು ಕಷ್ಟವಲ್ಲ, ತಗ್ಗಿಸುವುದೂ ಅಸಾಧ್ಯವಲ್ಲ. ನಿಜವಾದ ಪ್ರಶ್ನೆ ಇರುವುದು ತಿಜೋರಿಯಲ್ಲಿ.

2008ರ ಆರ್ಥಿಕ ಕುಸಿತದ ಬಳಿಕ ಬ್ಯಾಂಕ್ ಆಫ್ ಇಂಗ್ಲೆಂಡ್ ಹೊಸ ಹಣ ಸೃಷ್ಟಿಸಿ ಮಾರುಕಟ್ಟೆಯಿಂದ ಸಾಲಪತ್ರಗಳನ್ನು ಕೊಳ್ಳತೊಡಗಿತ್ತು. ಬಡ್ಡಿ ಇಳಿದು ವ್ಯವಹಾರ ಚೇತರಿಸಲಿ ಎಂಬುದು ಉದ್ದೇಶ. ಒಂದು ಹಂತದಲ್ಲಿ ಅದರ ಬಳಿ 87,500 ಕೋಟಿ ಪೌಂಡ್ ಮೊತ್ತದ ಸರ್ಕಾರಿ ಸಾಲಪತ್ರಗಳು, 2,000 ಕೋಟಿ ಪೌಂಡ್ ಮೊತ್ತದ ಕಂಪನಿ ಸಾಲಪತ್ರಗಳು ಇದ್ದವು. ಯಾವ ಕಂಪನಿಯ ಪತ್ರ ಕೊಳ್ಳಬೇಕು ಎಂಬಲ್ಲಿ ಬ್ಯಾಂಕು ಒಂದು ನೀತಿ ಇಟ್ಟುಕೊಂಡಿತ್ತು. ಮಾರುಕಟ್ಟೆಯಲ್ಲಿ ಯಾವುದು ಎಷ್ಟಿದೆಯೋ ಅದೇ ಪ್ರಮಾಣದಲ್ಲಿ ಕೊಳ್ಳುವುದು, ಯಾರ ಪರವೂ ವಹಿಸದಿರುವುದು. ಇದಕ್ಕೆ ಮಾರುಕಟ್ಟೆ ತಾಟಸ್ಥ್ಯ ಎಂದು ಹೆಸರು.

ಕೇಳಲು ನ್ಯಾಯವಾಗಿಯೇ ಇದೆ. ಆದರೆ ದೊಡ್ಡ ಮೊತ್ತದ ಸಾಲಪತ್ರ ಹೊರಡಿಸುವವರು ಯಾರು? ಭಾರಿ ಯಂತ್ರ, ಭಾರಿ ಸ್ಥಾವರಗಳಿಗೆ ಹಣ ಬೇಕಾದವರು. ವಿದ್ಯುತ್ ಕಂಪನಿಗಳು, ತಯಾರಿಕಾ ಉದ್ಯಮಗಳು. ಈ ಖರೀದಿ ಹೆಚ್ಚು ಇಂಗಾಲದ ಉದ್ಯಮಗಳ ಕಡೆಗೆ ವಾಲಿದೆ ಎಂದು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು 2017ರಲ್ಲೇ ತೋರಿಸಿದ್ದರು. ವಾಲಿದ ತಕ್ಕಡಿಯನ್ನು ಮುಟ್ಟದೆ ಹಾಗೇ ಹಿಡಿದು ತೂಗಿದರೆ ಅದು ತಾಟಸ್ಥ್ಯವೇ ಎಂಬುದು ಅಲ್ಲಿಂದ ಎದ್ದ ಪ್ರಶ್ನೆ.

2020ರ ಜೂನಿನ ವರದಿಯಲ್ಲಿ ಬ್ಯಾಂಕು ತಾನೇ ಆ ಅಳತೆ ಪ್ರಕಟಿಸಿತು. ತಾನು ಕೊಂಡ ಕಂಪನಿ ಸಾಲಪತ್ರಗಳು ಈ ಶತಮಾನದ ಕೊನೆಯ ವೇಳೆಗೆ ಭೂಮಿ 3.5 ಡಿಗ್ರಿಯಷ್ಟು ಬಿಸಿಯಾಗುವ ಹಾದಿಗೆ ಹೊಂದುತ್ತವೆ ಎಂದು ಅದು ಹೇಳಿತು. ಆ ಕಂಪನಿಗಳು ನಡೆಯುತ್ತಿರುವ ದಾರಿಯಲ್ಲೇ ಇಡೀ ಜಗತ್ತು ನಡೆದರೆ ಅಷ್ಟು ಬಿಸಿ ಎಂದು ಅರ್ಥ ಮಾಡಿಕೊಳ್ಳಬಹುದು. ಪ್ಯಾರಿಸ್ಸಿನಲ್ಲಿ ಒಪ್ಪಿದ್ದು 2 ಡಿಗ್ರಿಗಿಂತ ಕಡಿಮೆ. ಒಟ್ಟು ಮಾರುಕಟ್ಟೆಯೇ ಹೀಗಿದೆ ಎಂಬ ಸಮಜಾಯಿಷಿಯೂ ಜತೆಗಿತ್ತು. ಆದರೂ ಒಂದು ದೊಡ್ಡ ಕೇಂದ್ರ ಬ್ಯಾಂಕು ತನಗೆ ಶೋಭೆ ತರದ ಅಂಕಿಯನ್ನು ತಾನೇ ಬರೆದು ಜನರ ಮುಂದಿಟ್ಟದ್ದು ಸಣ್ಣ ಸಂಗತಿಯಲ್ಲ.

ಅದಕ್ಕೆ ಎರಡು ವಾರ ಮುಂಚೆ ಇನ್ನೊಂದು ಪಟ್ಟಿ ಹೊರಬಿದ್ದಿತ್ತು. ಕೋವಿಡ್ ಸಂಕಟದಲ್ಲಿ ಬ್ಯಾಂಕಿನ ಮೂಲಕ ನೆರವಿನ ಸಾಲ ಪಡೆದ ಕಂಪನಿಗಳ ಹೆಸರುಗಳವು. ಈಸಿಜೆಟ್ ಮತ್ತು ರಯಾನ್‌ಏರ್ ವಿಮಾನ ಕಂಪನಿಗಳಿಗೆ ತಲಾ 60 ಕೋಟಿ ಪೌಂಡ್, ಬ್ರಿಟಿಷ್ ಏರ್‌ವೇಸ್‌ಗೆ 30 ಕೋಟಿ ಪೌಂಡ್ ದೊರೆತಿತ್ತು. ಹೊಗೆ ತಗ್ಗಿಸಬೇಕೆಂಬ ಷರತ್ತು ಸಾಲದೊಂದಿಗೆ ಇರಲಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಪರಿಸರವಾದಿಗಳು ಆಡಿಕೊಳ್ಳಲು ಅವಕಾಶವಾಯಿತು. ಸಾವಿರಾರು ನೌಕರರ ಕೆಲಸ ಉಳಿಸುವ ತುರ್ತು ಎದುರಿಗಿದ್ದಾಗ ಷರತ್ತುಗಳಿಗೆ ಸಮಯವೆಲ್ಲಿ ಎಂಬ ವಾದವೂ ಇತ್ತು. ಎರಡರಲ್ಲೂ ಹುರುಳಿದೆ.

ಪುಸ್ತಕದಿಂದ ಹೋದದ್ದು, ಗಾಳಿಯಿಂದ ಹೋಗಲಿಲ್ಲ

2021ರ ಮಾರ್ಚಿನಲ್ಲಿ ಸರ್ಕಾರ ಬ್ಯಾಂಕಿಗೆ ಕೊಡುವ ಆದೇಶಪತ್ರವೇ ಬದಲಾಯಿತು. ಇಂಗಾಲವನ್ನು ನಿವ್ವಳ ಸೊನ್ನೆಗೆ ಇಳಿಸುವ ಗುರಿಯನ್ನು ಅದರಲ್ಲಿ ಸೇರಿಸಲಾಯಿತು. ಹಾಗೆ ಬರೆದ ಹಣಕಾಸು ಸಚಿವ ರಿಷಿ ಸುನಕ್, ನಮ್ಮ ಬೆಂಗಳೂರಿನ ಅಳಿಯ. ನವೆಂಬರಿನಲ್ಲಿ ಗ್ಲಾಸ್ಗೋದಲ್ಲಿ ಹವಾಮಾನ ಸಮ್ಮೇಳನ ನಡೆಯುತ್ತಿರುವಾಗಲೇ ಬ್ಯಾಂಕು ಹೊಸ ನಿಯಮಗಳನ್ನು ಪ್ರಕಟಿಸಿತು. ಕಲ್ಲಿದ್ದಲು ಗಣಿಗಾರಿಕೆಯ ಕಂಪನಿಗಳ ಪತ್ರ ಕೊಳ್ಳುವುದಿಲ್ಲ, ಹೊಗೆ ಇಳಿಸುವವರಿಗೆ ಹೆಚ್ಚು, ಇಳಿಸದವರಿಗೆ ಕಡಿಮೆ. 2025ರೊಳಗೆ ತನ್ನ ಕಂಪನಿ ಸಾಲಪತ್ರಗಳ ಇಂಗಾಲದ ತೀವ್ರತೆಯನ್ನು ಶೇಕಡಾ 25ರಷ್ಟು ತಗ್ಗಿಸುವುದು ಗುರಿ.

ಮೂರೇ ತಿಂಗಳಲ್ಲಿ ಕಥೆ ಬೇರೆ ತಿರುವು ಪಡೆಯಿತು. ಬೆಲೆಗಳು ಏರತೊಡಗಿದ್ದವು. ಚಲಾವಣೆಯಲ್ಲಿದ್ದ ಹಣವನ್ನು ಹಿಂದಕ್ಕೆ ಎಳೆದುಕೊಳ್ಳುವುದು ಬ್ಯಾಂಕಿಗೆ ಅನಿವಾರ್ಯವಾಯಿತು. ಕಂಪನಿ ಸಾಲಪತ್ರಗಳನ್ನೆಲ್ಲ ಮಾರಿಬಿಡಲು 2022ರ ಫೆಬ್ರುವರಿಯಲ್ಲಿ ನಿರ್ಧರಿಸಿತು. 2023ರ ಜೂನ್ ವೇಳೆಗೆ ಮಾರಾಟ ಮುಗಿಯಿತು. ಹಸಿರು ನಿಯಮಗಳು ಬಂದವು, ಅನ್ವಯಿಸಲು ಪತ್ರಗಳೇ ಉಳಿಯಲಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವಿದೆ. ಪತ್ರ ಮಾರಿದ ಮೇಲೆ ಬ್ಯಾಂಕಿನ ಪುಸ್ತಕದಲ್ಲಿ ಆ ಕಂಪನಿಗಳ ಹೊಗೆ ಇಲ್ಲ. ಆದರೆ ಕೊಂಡವರು ಬೇರೆಯವರು, ಚಿಮಣಿ ಅದೇ. ಲೆಕ್ಕದಿಂದ ಹೋದ ಹೊಗೆ ಗಾಳಿಯಿಂದ ಹೋಗಲಿಲ್ಲ. ಇಂಗಾಲದ ಲೆಕ್ಕ ಓದುವಾಗ ಅಂಕಿ ಇಳಿದದ್ದು ಹೊಗೆ ಇಳಿದದ್ದರಿಂದಲೋ, ಕೈ ಬದಲಾದದ್ದರಿಂದಲೋ ಎಂದು ಕೇಳುವುದು ಅದಕ್ಕೇ ಅಗತ್ಯ.

ಇನ್ನೊಂದು ಅಂಶ. ಬ್ರಿಟನ್ನಿನಲ್ಲಿ ಹಣದುಬ್ಬರ 2022ರ ಅಕ್ಟೋಬರಿನಲ್ಲಿ ಶೇಕಡಾ 11.1ಕ್ಕೆ ಮುಟ್ಟಿತು. ಉಕ್ರೇನ್ ಯುದ್ಧದಿಂದ ಅನಿಲದ ಬೆಲೆ ಗಗನಕ್ಕೇರಿದ್ದು ಅದರ ಮುಖ್ಯ ಕಾರಣಗಳಲ್ಲೊಂದು. ಹವಾಮಾನ ಕೇಂದ್ರ ಬ್ಯಾಂಕಿನ ಕೆಲಸವಲ್ಲ, ಬೆಲೆ ಕಾಯುವುದಷ್ಟೇ ಅದರ ಕೆಲಸ ಎನ್ನುವವರು ಇದ್ದಾರೆ. ಆದರೆ ಜನಸಾಮಾನ್ಯರ ಅಡುಗೆಮನೆಯ ಬೆಲೆಯನ್ನು ಏರಿಸಿದ್ದು ಸುಡುವ ಇಂಧನವೇ. ಹಾಗಿರುವಾಗ ಬೆಲೆ ಕಾಯುವವನು ಇಂಧನದ ಕಡೆ ನೋಡದೆ ಇರುವುದು ಹೇಗೆ?

ಗಾಳಿ ತಿರುಗಿದಾಗ

ಇತ್ತೀಚಿನ ವರ್ಷಗಳಲ್ಲಿ ಗಾಳಿಯ ದಿಕ್ಕು ಬದಲಾಗಿದೆ. ಪ್ರಧಾನಿಯಾದ ರಿಷಿ ಸುನಕ್ ಅವರೇ 2023ರ ಸೆಪ್ಟೆಂಬರಿನಲ್ಲಿ ಹೊಸ ಪೆಟ್ರೋಲ್ ಕಾರುಗಳ ಮಾರಾಟ ನಿಷೇಧವನ್ನು 2030ರಿಂದ 2035ಕ್ಕೆ ಮುಂದೂಡಿದರು. 2020ರಲ್ಲಿ ಕೇಂದ್ರ ಬ್ಯಾಂಕುಗಳ ಹಸಿರು ಕೂಟ ಸೇರಿದ್ದ ಅಮೆರಿಕದ ಫೆಡರಲ್ ರಿಸರ್ವ್ 2025ರ ಜನವರಿಯಲ್ಲಿ ಹೊರನಡೆಯಿತು. ದಿಗಂತದ ದುರಂತದ ಮಾತಾಡಿದ್ದ ಮಾರ್ಕ್ ಕಾರ್ನಿ 2025ರ ಮಾರ್ಚಿನಲ್ಲಿ ಕೆನಡಾದ ಪ್ರಧಾನಿಯಾದರು. ಅಧಿಕಾರ ವಹಿಸಿದ ದಿನವೇ ಅವರು ಜನರು ಕೊಳ್ಳುವ ಇಂಧನದ ಮೇಲಿದ್ದ ಇಂಗಾಲದ ತೆರಿಗೆಯನ್ನು ತೆಗೆದುಹಾಕಲು ಸಹಿ ಮಾಡಿದರು. ಅವರನ್ನು ಹಳಿಯುವುದು ಸುಲಭ. ಮತ ಕೇಳಬೇಕಾದವರ ದಿಗಂತ ಎಷ್ಟು ಹತ್ತಿರದಲ್ಲಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಕೇಂದ್ರ ಬ್ಯಾಂಕಿನ ಮಹತ್ವ ಇರುವುದು ಅಲ್ಲಿಯೇ. ಅದರ ಗವರ್ನರ್ ಚುನಾವಣೆಗೆ ನಿಲ್ಲುವುದಿಲ್ಲ. ಮುಂದಿನ ಚುನಾವಣೆಯಾಚೆ ನೋಡಬಲ್ಲವರು ಅವರೇ. ಚುನಾಯಿತರಲ್ಲದವರು ಯಾವ ಉದ್ಯಮ ಬಾಳಬೇಕು, ಯಾವುದು ಬೇಡ ಎಂದು ನಿರ್ಧರಿಸುವುದು ಸರಿಯೇ ಎಂಬ ಪ್ರಶ್ನೆ ಬರುವುದೂ ಅಲ್ಲಿಂದಲೇ. ನಿರ್ಧಾರ ಜನಪ್ರತಿನಿಧಿಗಳದ್ದೇ ಇರಲಿ. ಆದರೆ ನಿರ್ಧರಿಸಲು ಬೇಕಾದ ನಿಜವಾದ ಲೆಕ್ಕವನ್ನು, ಅದು ಎಷ್ಟೇ ಮುಜುಗರದ್ದಾದರೂ, ಕೊಡುವುದು ಬ್ಯಾಂಕಿನ ಕರ್ತವ್ಯ.

ನಮ್ಮ ರಿಸರ್ವ್ ಬ್ಯಾಂಕು 2021ರ ಏಪ್ರಿಲ್‌ನಲ್ಲಿ ಅದೇ ಹಸಿರು ಕೂಟ ಸೇರಿದೆ. ನಮ್ಮ ಬ್ಯಾಂಕುಗಳು ಹವಾಮಾನದ ಅಪಾಯವನ್ನು ಹೇಗೆ ಬಹಿರಂಗಪಡಿಸಬೇಕು ಎಂಬ ಕರಡು ನಿಯಮಗಳನ್ನು 2024ರ ಫೆಬ್ರುವರಿಯಲ್ಲಿ ಹೊರಡಿಸಿತು. ಇಲ್ಲಿ ಈ ಮಾತು ಇನ್ನೂ ಹತ್ತಿರದ್ದು. ಮಳೆ ಕೈಕೊಟ್ಟ ವರ್ಷ ರೈತನ ಬೆಳೆಸಾಲ ಏನಾಗುತ್ತದೆ, ನೆರೆ ಬಂದ ವರ್ಷ ನದಿ ದಂಡೆಯ ಊರುಗಳ ಸಹಕಾರಿ ಸಂಘಗಳ ಗತಿ ಏನಾಗುತ್ತದೆ ಎಂಬುದನ್ನು ನಮ್ಮ ನಾಡಿನ ಜನಕ್ಕೆ ಯಾವ ಗವರ್ನರ್ ಬಂದು ಭಾಷಣ ಮಾಡಿ ತಿಳಿಸಬೇಕಾಗಿಲ್ಲ. ಆ ಅನುಭವ ಬ್ಯಾಂಕಿನ ಪುಸ್ತಕದಲ್ಲಿ ಅಂಕಿಯಾಗಿ ಮೂಡುವುದು ಉಳಿದಿದೆ.

ಲೆಕ್ಕ ಬರೆದ ಮಾತ್ರಕ್ಕೆ ಹೊಗೆ ಆರುವುದಿಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡ್ ಕೊಟ್ಟ ಮೂರೂವರೆ ಡಿಗ್ರಿಯ ಲೆಕ್ಕದಿಂದ ಒಂದು ಚಿಮಣಿಯೂ ನಿಲ್ಲಲಿಲ್ಲ. ಆದರೆ ಆ ಅಂಕಿ ಹೊರಬಿದ್ದ ದಿನದಿಂದ, ನಿಮ್ಮ ಹಣ ಯಾವ ಬೆಂಕಿಗೆ ಸೌದೆಯಾಗುತ್ತಿದೆ ಎಂದು ಯಾವ ಬ್ಯಾಂಕನ್ನಾದರೂ ಕೇಳುವ ಹಕ್ಕು ಸಾಮಾನ್ಯ ಗ್ರಾಹಕನಿಗೂ ಬಂದಂತಾಯಿತು. ಉಳಿತಾಯ ಖಾತೆಯ ಪಾಸ್ ಪುಸ್ತಕ ಹಿಡಿದು ಸಾಲಿನಲ್ಲಿ ನಿಂತವನು ಮುಂದೊಂದು ದಿನ ಆ ಪ್ರಶ್ನೆ ಕೇಳಿದರೆ, ಕೌಂಟರಿನ ಆ ಬದಿಯಲ್ಲಿ ಕೂತವರ ಬಳಿ ಉತ್ತರ ಇರಬೇಕು.